ಕತ್ತಿ ಹಾಕುವ ಮುನ್ನ ಗೂಡು ನೋಡಿ: ಮೈಸೂರು, ಮಂಡ್ಯದ ಅಧಿಕಾರಿಗಳಿಗೂ ನಾಗರಿಕರಿಗೂ ಒಂದು ಬಹಿರಂಗ ಪತ್ರ

ಇವರಿಗೆ: ಮೈಸೂರು ಮಹಾನಗರ ಪಾಲಿಕೆ ಮತ್ತು ಮಂಡ್ಯ ನಗರಸಭೆಯ ಆಯುಕ್ತರು, ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದ ಅಧಿಕಾರಿಗಳು, ಅರಣ್ಯ ಇಲಾಖೆಯ ವೃಕ್ಷಾಧಿಕಾರಿಗಳು, ಎರಡೂ ಊರುಗಳ ಬಡಾವಣೆ ನಿವಾಸಿಗಳ ಸಂಘಗಳು

ಮಾನ್ಯರೇ,

ನಮ್ಮ ಕೋರಿಕೆಯನ್ನು ಮೊದಲೇ ಹೇಳಿಬಿಡುತ್ತೇವೆ. ರಸ್ತೆ ಬದಿಯ ಮರಗಳ ಕೊಂಬೆ ಸವರುವ ದೊಡ್ಡ ಕೆಲಸವನ್ನು ಬೇಸಿಗೆಗೆ ಇಟ್ಟುಕೊಳ್ಳಬೇಡಿ. ಅಕ್ಟೋಬರ್ ನಡುವೆ ಶುರು ಮಾಡಿ ಡಿಸೆಂಬರ್ ಕೊನೆಯೊಳಗೆ ಮುಗಿಸಿ. ಬೇಸಿಗೆಯಲ್ಲಿ ತೆಗೆಯಲೇಬೇಕಾದ ಅಪಾಯದ ಕೊಂಬೆ ಇದ್ದರೆ, ಅದಕ್ಕೆ ಕತ್ತಿ ಹಾಕುವ ಮುನ್ನ ಗೂಡು ಇದೆಯೇ ಎಂದು ನೋಡಬೇಕು ಅನ್ನುವುದನ್ನು ಕೆಲಸದ ಆದೇಶದಲ್ಲೇ ಬರೆಯಿರಿ. ಮನೆ, ಶಾಲೆ, ಕಚೇರಿಗಳ ಸೂರು, ಸಜ್ಜ, ಪೈಪುಗಳನ್ನು ಮುಚ್ಚುವವರಿಗೂ ಇದೇ ಮಾತು. ಮೊಟ್ಟೆ ಬೀಳುವ ಮುಂಚೆ ಮುಚ್ಚಿ. ಮೊಟ್ಟೆ ಬಿದ್ದಿದ್ದರೆ ಕೆಲವು ವಾರ ಕಾಯಿರಿ. ಎಷ್ಟು ವಾರ ಅನ್ನುವುದಕ್ಕೆ ಲೆಕ್ಕ ಇದೆ, ಮುಂದೆ ಕೊಡುತ್ತೇವೆ.

ಬೇಸಿಗೆಯಲ್ಲೇ ಯಾಕೆ ಸವರುತ್ತಾರೆ ಅನ್ನುವುದು ನಮಗೆ ಗೊತ್ತಿದೆ. ಅಶ್ವಿನಿ, ಭರಣಿ, ಕೃತ್ತಿಕೆ ಮಳೆ ಬಂದರೆ ನಮ್ಮ ಸೀಮೆಯಲ್ಲಿ ನೀರಿಗಿಂತ ಗಾಳಿಯೇ ಜೋರು. ಮಳೆಮರದ ಕೊಂಬೆ ಮುರಿದು 11 ಕೆ.ವಿ. ಲೈನಿನ ಮೇಲೆ ಬಿದ್ದರೆ ಇಡೀ ಫೀಡರ್, ಅಂದರೆ ಹಲವು ಬೀದಿಗಳಿಗೆ ಕರೆಂಟು ಕೊಡುವ ಲೈನು, ಹೋಗುತ್ತದೆ, ದಾರಿಹೋಕರ ಜೀವಕ್ಕೂ ಅಪಾಯ. ಆದರೆ ಅದೇ ಮಾರ್ಚ್‌ನಿಂದ ಜೂನ್‌ವರೆಗೆ ಕಾಗೆ, ಗೊರವಂಕ, ಪಿಕಳಾರ, ಮಡಿವಾಳ, ಕುಟ್ರಹಕ್ಕಿ, ಹಾಲಕ್ಕಿ (ಸಣ್ಣ ಗೂಬೆ), ಹದ್ದುಗಳ ಗೂಡುಗಳಲ್ಲಿ ಮೊಟ್ಟೆ ಮರಿ ಇರುತ್ತವೆ. ಡಿಸೆಂಬರ್‌ನಲ್ಲಿ ಸವರಿದರೆ ಮೇ ಹೊತ್ತಿಗೆ ಮತ್ತೆ ಚಿಗುರುತ್ತದಲ್ಲ ಎಂದು ಕೇಳುವವರಿದ್ದಾರೆ. ಚಿಗುರುತ್ತದೆ ನಿಜ. ಗಾಳಿಗೆ ಮುರಿದು ಬೀಳುವುದು ಮಾತ್ರ ಚಿಗುರಲ್ಲ, ಒಣಗಿದ ಕೊಂಬೆ, ಒಳಗೆ ಪೊಳ್ಳಾದ ಕೊಂಬೆ, ಒಂದೇ ಪಕ್ಕಕ್ಕೆ ಭಾರ ಜಗ್ಗುವ ಹಳೆಯ ಕೊಂಬೆ. ಇವನ್ನು ಚಳಿಗಾಲದಲ್ಲೇ ಗುರುತಿಸಿ ತೆಗೆದರೆ ಏಪ್ರಿಲ್‌ನಲ್ಲಿ ತಂತಿಗೆ ತಾಗುವ ಸಣ್ಣ ಚಿಗುರಷ್ಟೇ ಉಳಿಯುತ್ತದೆ. ಅದನ್ನು ಸವರಲು ಏಣಿ, ಉದ್ದನೆಯ ದೋಟಿ ಸಾಕು.

ಕಾನೂನಿನ ಮಾತನ್ನು ಎರಡೇ ಸಾಲಿನಲ್ಲಿ ಮುಗಿಸುತ್ತೇವೆ. 1972ರ ವನ್ಯಜೀವಿ (ಸಂರಕ್ಷಣಾ) ಕಾಯ್ದೆಯ ಪ್ರಕಾರ ಕಾಡುಹಕ್ಕಿಗಳ ಮೊಟ್ಟೆ ಹಾಳು ಮಾಡುವುದು, ಮೊಟ್ಟೆಗೆ ಅಥವಾ ಗೂಡಿಗೆ ತೊಂದರೆ ಕೊಡುವುದು ಕೂಡ ಬೇಟೆಯ ಲೆಕ್ಕಕ್ಕೆ ಬರುತ್ತದೆ. ವಿನಾಯಿತಿ ಇರುವ ಕೆಲವು ಜಾತಿ ಬಿಟ್ಟರೆ, ಮರ ಕಡಿಯುವುದಕ್ಕೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ವೃಕ್ಷಾಧಿಕಾರಿಯ ಅನುಮತಿ ಬೇಕೇ ಬೇಕು. ಆ ಅನುಮತಿ ಪತ್ರದಲ್ಲೇ ಗೂಡಿನ ಪರಿಶೀಲನೆಗೆ ಒಂದು ಕಲಂ ಸೇರಿಸಿದರೆ ಬೇರೆ ಹೊಸ ಆದೇಶ ಬೇಕಾಗುವುದಿಲ್ಲ.

ಇನ್ನು ಗೂಡು ನೋಡುವುದು ಹೇಗೆ? ಮರದ ಕೆಳಗೆ ನಿಂತು ತಲೆ ಎತ್ತಿ ಒಂದು ಸಲ ಕಣ್ಣಾಡಿಸಿದರೆ ಕಾಗೆ ಗೂಡು, ಹದ್ದಿನ ಗೂಡು ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಗೂಡನ್ನು ಹುಡುಕುವುದಕ್ಕಿಂತ ಹಕ್ಕಿಯನ್ನು ಹಿಂಬಾಲಿಸುವುದು ಸುಲಭ. ಬೆಳಿಗ್ಗೆ ಆರೂವರೆಯಿಂದ ಎಂಟರೊಳಗೆ, ಮರದಿಂದ ಇಪ್ಪತ್ತು ಮೂವತ್ತು ಅಡಿ ದೂರದಲ್ಲಿ ಕಾಲು ಗಂಟೆ ಅಲುಗಾಡದೆ ನಿಲ್ಲಬೇಕು. ಕೊಕ್ಕಿನಲ್ಲಿ ಕಡ್ಡಿ, ನಾರು ಹಿಡಿದು ಒಳಗೆ ಹೋದರೆ ಗೂಡು ಕಟ್ಟುತ್ತಿದೆ, ಮೊಟ್ಟೆ ಇನ್ನೂ ಇಲ್ಲ ಎಂದೇ ಬಹುಪಾಲು ಅರ್ಥ. ಹುಳು ಹಿಡಿದು ಹೋದರೆ ಮರಿ ಇದೆ. ಹೊರಗೆ ಬರುವಾಗ ಬಾಯಲ್ಲಿ ಬೆಳ್ಳಗಿನ ಸಣ್ಣ ಗಂಟಿನಂಥದ್ದು ಇದ್ದರೆ ಅದು ಮರಿಗಳ ಹಿಕ್ಕೆ, ಸಣ್ಣ ಹಕ್ಕಿಗಳು ಅದನ್ನು ದೂರ ಒಯ್ದು ಬಿಸಾಡುತ್ತವೆ. ಏನೂ ಹಿಡಿಯದೆ ಒಂದೇ ಹಕ್ಕಿ ಒಳಗೆ ಹೋಗಿ ಹೊತ್ತಾದರೂ ಬರದಿದ್ದರೆ ಅದು ಕಾವಿಗೆ ಕೂತಿದೆ. ಕಷ್ಟ ಇರುವುದು ಇಲ್ಲೇ. ಕಾವಿಗೆ ಕೂತ ಹಕ್ಕಿ ಸದ್ದು ಮಾಡುವುದಿಲ್ಲ, ಓಡಾಡುವುದಿಲ್ಲ, ಹಾಗಾಗಿ ಏನೂ ಇಲ್ಲ ಎಂದುಕೊಂಡು ಕತ್ತರಿಸುವುದು ಇಂಥ ಮರವನ್ನೇ ಹೆಚ್ಚು.

ನೆಲವನ್ನೂ ನೋಡಬೇಕು. ಒಂದೇ ಜಾಗದಲ್ಲಿ ಬಿಳಿ ಹಿಕ್ಕೆಯ ಮಚ್ಚೆ, ಮೊಟ್ಟೆ ಚಿಪ್ಪು, ಮರದ ಪುಡಿ ಬಿದ್ದಿದ್ದರೆ ಅದರ ನೇರಕ್ಕೆ ಮೇಲೆ ನೋಡಿ. ಒಣಕೊಂಬೆಯ ಅಡಿಮಗ್ಗುಲಲ್ಲಿ ಬೈರಿಗೆ ಹಾಕಿ ಕೊರೆದಂತೆ ಎರಡಿಂಚಿನಷ್ಟು ಅಗಲದ ದುಂಡನೆಯ ತೂತು ಕಂಡರೆ ಅದು ಕುಟ್ರಹಕ್ಕಿಯದ್ದು. ಅಂಚು ಹೊಸದಾಗಿ, ತಿಳಿಯಾಗಿ ಇದ್ದರೆ ಒಳಗೆ ಸಂಸಾರ ನಡೆದಿದೆ. ಒಣಕೊಂಬೆ ಅಪಾಯವಲ್ಲವೇ ಎಂದರೆ ಹೌದು. ಅದನ್ನು ಬುಡಕ್ಕೆ ಕತ್ತರಿಸುವ ಬದಲು ತೂತಿನಿಂದ ಒಂದೆರಡು ಅಡಿ ಆಚೆಗೆ ಕತ್ತರಿಸಿ. ತುದಿಯ ಭಾರ ಹೋದ ಮೇಲೆ ಉಳಿದ ಮೋಟು ಬೇಗ ಬೀಳುವುದಿಲ್ಲ, ಮರಿ ಹಾರಿದ ಮೇಲೆ ಅದನ್ನೂ ತೆಗೆಯಬಹುದು. ಕೈಗೆಟುಕದ ಪೊಟರೆಯೊಳಗೆ ನೋಡಲು ಉದ್ದನೆಯ ಬಿದಿರಿಗೆ ಮೊಬೈಲ್ ಕಟ್ಟಿ ವಿಡಿಯೊ ಆನ್ ಮಾಡಿ ಹತ್ತು ಸೆಕೆಂಡು ಹಿಡಿದರೆ ಸಾಕು. ಅದಕ್ಕಿಂತ ಹೆಚ್ಚು ಹೊತ್ತು ಹಿಡಿಯಬಾರದು, ಲೈಟ್ ಹಾಕಬಾರದು. ತಂತಿ ಹಾದುಹೋಗಿರುವ ಮರದಲ್ಲಿ ಈ ಬಿದಿರಿನ ಕೆಲಸ ಬೇಡವೇ ಬೇಡ.

ಗೂಡು ಸಿಕ್ಕರೆ ಕೆಲಸ ನಿಲ್ಲಬೇಕಿಲ್ಲ. ಆ ಕೊಂಬೆಯನ್ನೂ ಅದಕ್ಕೆ ನೆರಳು ಕೊಡುವ ಮೇಲಿನ, ಪಡುವಣ ಬದಿಯ ಕೊಂಬೆಗಳನ್ನೂ ಬಿಟ್ಟು ಉಳಿದದ್ದನ್ನು ಸವರಿ. ಗೂಡನ್ನು ಮುಟ್ಟದೆ ಸುತ್ತಲಿನ ಎಲೆಯನ್ನೆಲ್ಲ ಬೋಳಿಸಿ ಹೋಗುವುದರಿಂದ ಏನೂ ಉಪಯೋಗವಿಲ್ಲ. ಏಪ್ರಿಲ್ ಬಿಸಿಲಿಗೆ ನೆರಳಿಲ್ಲದ ಗೂಡಿನಲ್ಲಿ ಪುಕ್ಕ ಬಾರದ ಮರಿ ಮಧ್ಯಾಹ್ನದೊಳಗೆ ಸಾಯುತ್ತದೆ. ಬಿಸಿಲಿಗೆ ತಪ್ಪಿದ್ದು ಕಾಗೆ, ಹದ್ದಿನ ಕಣ್ಣಿಗೆ ಬೀಳುತ್ತದೆ. ಬಿಟ್ಟ ಕೊಂಬೆಗೆ ಕೆಂಪು ಟೇಪು ಸುತ್ತಿ, ಕಾಂಡದ ಮೇಲೆ ಸೀಮೆಸುಣ್ಣದಲ್ಲಿ ಗೂಡು ಕಂಡ ತಾರೀಖು, ಹಕ್ಕಿಯ ಹೆಸರು, ಮತ್ತೆ ಬರಬೇಕಾದ ತಾರೀಖು ಬರೆಯಿರಿ. ಇಷ್ಟು ಬರೆದಿದ್ದರೆ ಮುಂದಿನ ವಾರ ಬರುವ ಬೇರೆ ಗ್ಯಾಂಗಿಗೂ ತಿಳಿಯುತ್ತದೆ.

ಆ ತಾರೀಖನ್ನು ಲೆಕ್ಕ ಹಾಕುವುದು ಹೀಗೆ. ಪಿಕಳಾರ ಕಾವಿಗೆ ಕೂತರೆ 12ರಿಂದ 14 ದಿನಕ್ಕೆ ಮರಿ, ಮತ್ತೆ 12-13 ದಿನಕ್ಕೆ ಮರಿ ಗೂಡು ಬಿಡುತ್ತದೆ. ಅಂದರೆ ಎಲ್ಲಾ ಸೇರಿ ನಾಲ್ಕು ವಾರ. ವರಾಂಡದ ದೀಪದ ವೈರಿಗೆ, ತುಳಸಿಕಟ್ಟೆ ಪಕ್ಕದ ಬಳ್ಳಿಗೆ ಜೋತುಬಿದ್ದ ಚೀಲದಂಥ ಗೂಡು ಸೂರಕ್ಕಿಯದ್ದು, ಅದಕ್ಕೆ ಒಂದು ತಿಂಗಳು. ಗೊರವಂಕಕ್ಕೆ ಕಾವು 17-18 ದಿನ, ಮರಿ ಹಾರಲು 22ರಿಂದ 24 ದಿನ, ಒಟ್ಟು ಆರು ವಾರ. ಕಾಗೆಗೆ ಆರೇಳು ವಾರ. ಕಣಜ ಗೂಬೆಗೆ ಮಾತ್ರ ಮೂರು ತಿಂಗಳು ಹಿಡಿಯುತ್ತದೆ. ಅದು ಎರಡು ಮೂರು ದಿನಕ್ಕೊಂದು ಮೊಟ್ಟೆಯಿಟ್ಟು, ಮೊದಲ ಮೊಟ್ಟೆಯಿಂದಲೇ ಕಾವು ಕೊಡುವುದರಿಂದ ಒಂದೇ ಗೂಡಿನಲ್ಲಿ ದೊಡ್ಡ ಮರಿಯೂ ಚಿಕ್ಕ ಮರಿಯೂ ಇರುತ್ತವೆ. ದೊಡ್ಡದು ಹಾರಿತೆಂದು ಕಿಂಡಿ ಮುಚ್ಚಿದರೆ ಚಿಕ್ಕದು ಒಳಗೇ ಉಳಿಯುತ್ತದೆ.

ವಿದ್ಯುತ್ ಕಂಬದ ಕಾಗೆ ಗೂಡಿನ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಕಾಗೆ ಕ್ರಾಸ್ ಆರ್ಮ್ (ಕಂಬದ ಅಡ್ಡಪಟ್ಟಿ) ಮೂಲೆಯಲ್ಲಿ ಗೂಡು ಕಟ್ಟುವುದು ಅಲ್ಲಿ ಕಡ್ಡಿ ಸಿಕ್ಕಿಸಲು ಕವಲು ಸಿಗುತ್ತದೆ ಅಂತ. ಬರೀ ಒಣಕಡ್ಡಿಯ ಗೂಡು ಬಿಸಿಲಿರುವ ತನಕ ಸಾಮಾನ್ಯವಾಗಿ ಲೈನಿಗೆ ತೊಂದರೆ ಕೊಡುವುದಿಲ್ಲ, ಮಳೆಗೆ ನೆಂದಾಗ ಕೊಡುತ್ತದೆ. ಅದಕ್ಕಿಂತ ದೊಡ್ಡ ಅಪಾಯ ಗೂಡಿನಲ್ಲಿರುವ ತಂತಿ ತುಂಡುಗಳದ್ದು. ಒಂದು ತುಂಡು ಗೂಡಿನಿಂದ ಜೋತು ಇನ್ಸುಲೇಟರ್ ದಾಟಿ ಕಂಡಕ್ಟರಿಗೋ (ಕರೆಂಟು ಹರಿಯುವ ತಂತಿ) ಜಂಪರಿಗೋ (ತಂತಿಗಳನ್ನು ಜೋಡಿಸುವ ತುಂಡು) ತಾಗಿದರೆ ಮುಗಿಯಿತು, ಫೀಡರ್ ಟ್ರಿಪ್ ಆಗಿ ಕರೆಂಟು ಹೋಗುತ್ತದೆ. ಈ ತಂತಿ ಕಾಗೆಗೆ ಸಿಗುವುದು ಎಲ್ಲಿಂದ? ಮನೆ ಕಟ್ಟುವ ಜಾಗದಲ್ಲಿ ಕಂಬಿ ಕಟ್ಟಿ ಮಿಕ್ಕ ಬೈಂಡಿಂಗ್ ವೈರಿನ ತುಂಡು, ಕೇಬಲ್ಲಿನವರು ಕತ್ತರಿಸಿ ಬಿಟ್ಟ ತುಂಡು, ಲೈನ್ ಕೆಲಸ ಮುಗಿದ ಮೇಲೆ ಕಂಬದ ಬುಡದಲ್ಲೇ ಉಳಿದ ಅಲ್ಯೂಮಿನಿಯಂ ತುಂಡು, ಇವುಗಳಿಂದ. ಕಾಗೆಗೆ ಕಡ್ಡಿಗಿಂತ ಇದು ಒಳ್ಳೆಯ ಸಾಮಾನು, ಬಗ್ಗುತ್ತದೆ, ಮುರಿಯುವುದಿಲ್ಲ. ಫೆಬ್ರವರಿ, ಮಾರ್ಚ್‌ನಲ್ಲಿ ಈ ಚೂರುಗಳನ್ನು ಆರಿಸಿ ಗುಜರಿಗೆ ಹಾಕುವುದನ್ನು ಕಟ್ಟಡದ ಮೇಸ್ತ್ರಿಗಳಿಗೂ ಲೈನ್ ಸಿಬ್ಬಂದಿಗೂ ಹೇಳಿದರೆ ಟ್ರಿಪ್ ಆಗುವ ಕಾರಣವೇ ಕಡಿಮೆಯಾಗುತ್ತದೆ. ಖರ್ಚಿಲ್ಲದ ಈ ಕ್ರಮವನ್ನು ಎಲ್ಲಕ್ಕಿಂತ ಮೊದಲು ಮಾಡಿ ಎಂದು ನಾವು ಒತ್ತಿ ಹೇಳುತ್ತೇವೆ.

ಕಟ್ಟುತ್ತಿರುವ ಗೂಡನ್ನು ಒಂದು ಸಲ ಕಿತ್ತು ಹೋದರೆ ಕೆಲವೇ ದಿನದಲ್ಲಿ ಅದೇ ಕಂಬದಲ್ಲಿ ಮತ್ತೆ ಕಟ್ಟುತ್ತದೆ, ಕಿತ್ತು ಕೆಳಗೆ ಬಿಸಾಡಿದ ತಂತಿಯನ್ನೇ ಎತ್ತಿಕೊಂಡು. ಕಿತ್ತ ಸಾಮಾನನ್ನು ಚೀಲದಲ್ಲಿ ತುಂಬಿಕೊಂಡು ಹೋಗಬೇಕು, ಆ ಕಂಬದ ಜಂಪರ್‌ಗಳಿಗೆ ಇನ್ಸುಲೇಷನ್ ಹೊದಿಕೆ ಹಾಕಬೇಕು. ಮೊಟ್ಟೆ, ಮರಿ ಇರುವ ಗೂಡಾದರೆ ಲೈನ್ ಕ್ಲಿಯರ್ ತೆಗೆದುಕೊಂಡು (ಲೈನಿನ ಕರೆಂಟು ತೆಗೆಸಿ), ಅರ್ತ್ ಮಾಡಿ (ತಂತಿಯನ್ನು ನೆಲಕ್ಕೆ ಜೋಡಿಸಿ), ಜೋತ ತಂತಿ ತುದಿಗಳನ್ನಷ್ಟೇ ಕತ್ತರಿಸಿ ಗೂಡನ್ನು ಬಿಡಬಹುದು. ಎಷ್ಟೋ ಸಲ ಇದರಲ್ಲೇ ತೊಂದರೆ ಮುಗಿಯುತ್ತದೆ. ಅದೂ ಆಗದು, ಗೂಡು ಕಂಡಕ್ಟರಿಗೇ ಒರಗಿದೆ ಎಂದಾದರೆ ಮನುಷ್ಯರ ಜೀವವೇ ಮೊದಲು. ಆಗ ಅರಣ್ಯ ಇಲಾಖೆಗೆ ತಿಳಿಸಿ ಗೂಡನ್ನು ಇಡಿಯಾಗಿ ಮಂಕರಿಯಲ್ಲಿಟ್ಟು, ಹತ್ತಾರು ಅಡಿಯೊಳಗಿನ ಮರಕ್ಕೆ ಸುಮಾರು ಅದೇ ಎತ್ತರದಲ್ಲಿ ಕಟ್ಟಬೇಕು. ಮರಿ ಕೂಗುತ್ತಿದ್ದರೆ ತಾಯಿ ಬರುವ ಸಾಧ್ಯತೆ ಹೆಚ್ಚು, ಬರೀ ಮೊಟ್ಟೆಯಾದರೆ ಕಡಿಮೆ. ಕಾಗೆ ಗೂಡು ತಾನೇ ಎನ್ನುವವರಿಗೆ ಒಂದು ಮಾತು. ಯುಗಾದಿಯಿಂದ ಮಳೆಗಾಲದವರೆಗೆ ನಾವು ಕಿವಿಗೊಡುವ ಕೋಗಿಲೆಯ ಮರಿ ಬೆಳೆಯುವುದೂ ಆ ಗೂಡಿನಲ್ಲೇ.

ಬೀದಿದೀಪದ ಕಂಬಗಳಲ್ಲಿ ಬಾಯಿ ತೆರೆದ ಪೈಪಿನೊಳಗೆ ಗೊರವಂಕ, ಗುಬ್ಬಚ್ಚಿ ಸೇರಿಕೊಳ್ಳುತ್ತವೆ. ಹೊಸ ಕಂಬ ನೆಡುವಾಗಲೇ ಮುಚ್ಚಳ ಹಾಕಿದರೆ ಕತೆ ಮುಗಿಯಿತು.

ಈಗ ಮನೆಗಳ ಮಾತು. ಎಕ್ಸಾಸ್ಟ್ ಫ್ಯಾನಿನ ಕಿಂಡಿ, ಎಸಿ ಹಿಂದಿನ ಸಂದು, ನೀರಿನ ಪೈಪು ಹೋಗುವ ಡಕ್ಟ್, ಶೀಟಿನ ಸೂರು ಇವು ಹಕ್ಕಿಗೆ ಮರದ ಪೊಟರೆಯ ಬದಲಿಗೆ ಸಿಕ್ಕ ಜಾಗಗಳು. ಮುಚ್ಚಬೇಕಾದರೆ ಜನವರಿಯೊಳಗೆ ಮುಚ್ಚಿ. ಬಲೆಯ ಕಣ್ಣು ಗುಬ್ಬಚ್ಚಿಗೆ 19 ಮಿ.ಮೀ., ಗೊರವಂಕಕ್ಕೆ 28 ಮಿ.ಮೀ., ಪಾರಿವಾಳಕ್ಕೆ 50 ಮಿ.ಮೀ. ಮೀರಬಾರದು. ಫ್ಯಾನಿನ ಕಿಂಡಿಗೆ ಅರ್ಧ ಇಂಚು ಕಣ್ಣಿನ ವೆಲ್ಡ್ ಮೆಶ್ ಒಳ್ಳೆಯದು. ನೈಲಾನ್ ಬಲೆಯಾದರೆ ತಂಬೂರಿ ತಂತಿಯಷ್ಟು ಬಿಗಿಯಾಗಿರಬೇಕು. ಸಡಿಲ ಬಿಟ್ಟ ಬಲೆಗೆ ಗಿಳಿ, ಗೂಬೆ, ಬಾವಲಿ ಸಿಕ್ಕಿ ರೆಕ್ಕೆ ಮುರಿದುಕೊಳ್ಳುತ್ತವೆ, ಕೆಳಗಿನ ಅಂಚು ಬಿಚ್ಚಿಕೊಂಡರೆ ಪಾರಿವಾಳ ಒಳಗೆ ನುಗ್ಗಿ ಹೊರಬರಲಾರದೆ ಸಾಯುತ್ತದೆ. ಬಲೆ ಹಾಕಿಸಿದವರು ತಿಂಗಳಿಗೊಮ್ಮೆ ಅಂಚು ನೋಡಿ. ಮರಿ ಇರುವಾಗ ಕಿಂಡಿ ಮುಚ್ಚಿದರೆ ಒಳಗೆ ಸತ್ತ ಮರಿಯ ವಾಸನೆ, ಹುಳ, ಜೊತೆಗೆ ಗೂಡಿನ ಸಣ್ಣ ಉಣ್ಣೆ ಹುಳುಗಳು ಆಹಾರ ಸಿಗದೆ ಮನೆಯೊಳಗೆ ಹರಿದು ಬಂದು ಮನುಷ್ಯರನ್ನು ಕಚ್ಚುತ್ತವೆ. ಮರಿ ಹಾರಿದ ಮೇಲೂ ಹಾಗೇ ಆಗಬಹುದು. ಆದ್ದರಿಂದ ಗೂಡು ಖಾಲಿಯಾದ ಒಂದೆರಡು ದಿನದಲ್ಲೇ ತೆಗೆದು, ಕುದಿನೀರು ಹಾಕಿ ತೊಳೆದು, ಆಮೇಲೆ ಮುಚ್ಚಿ.

ಊರ ಪಾರಿವಾಳವನ್ನು ಉಳಿದ ಹಕ್ಕಿಗಳ ಜೊತೆ ಸೇರಿಸಬಾರದು. ಅದು ವರ್ಷವಿಡೀ ಮರಿ ಮಾಡುತ್ತದೆ, ಆದ್ದರಿಂದ ಕಾಲ ನೋಡಿ ಕಾಯುವ ಉಪಾಯ ಅಷ್ಟಾಗಿ ನಡೆಯುವುದಿಲ್ಲ. ಎರಡು ಸಂಸಾರದ ನಡುವಿನ ಬಿಡುವು ನೋಡಿ ಮುಚ್ಚಬೇಕು, ಮುಖ್ಯವಾಗಿ ಕಾಳು ಸುರಿಯುವುದು ನಿಲ್ಲಬೇಕು. ಅದರ ಹಿಕ್ಕೆ ಹಳೆಯ ಗಾರೆ ಕಟ್ಟಡಗಳನ್ನು ತಿನ್ನುತ್ತದೆ. ಒಣಗಿದ ಹಿಕ್ಕೆಯ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಒಣಗಿದ್ದನ್ನು ಪೊರಕೆಯಲ್ಲಿ ಗುಡಿಸಲೇಬೇಡಿ. ನೀರು ಚಿಮುಕಿಸಿ ನೆನೆಸಿ, ಮಾಸ್ಕ್ ಮತ್ತು ಕೈಗವಸು ಹಾಕಿಕೊಂಡು ಕೆರೆದು ತೆಗೆಯಿರಿ.

ತಾರಸಿಯಲ್ಲಿ, ಖಾಲಿ ಸೈಟಿನ ಜಲ್ಲಿಯ ಮೇಲೆ ಟಿಟ್ಟಿಭ ನಾಲ್ಕು ಮೊಟ್ಟೆ ಇಡುತ್ತದೆ. ಹತ್ತಿರ ಹೋದರೆ ಚೀರಿಕೊಂಡು ತಲೆಯ ಮೇಲೇ ಬರುತ್ತದೆ, ಆದರೆ ಕಚ್ಚುವುದಿಲ್ಲ. ಕಾವು 28ರಿಂದ 30 ದಿನ. ಈ ಮರಿಗಳು ಮೊಟ್ಟೆ ಒಡೆದ ದಿನವೇ ನಡೆಯುತ್ತವೆ, ತಾಯಿ ತುತ್ತು ಕೊಡುವುದಿಲ್ಲ, ತಾವೇ ಹುಳ ಹೆಕ್ಕಿಕೊಳ್ಳಬೇಕು. ಬರೀ ಸಿಮೆಂಟಿನ ತಾರಸಿಯಲ್ಲಿ ಅವಕ್ಕೆ ತಿನ್ನಲು ಏನೂ ಇಲ್ಲ, ಸುತ್ತ ಪ್ಯಾರಪೆಟ್ ಗೋಡೆ ಇದ್ದರೆ ಕೆಳಗಿಳಿಯಲು ದಾರಿಯೂ ಇಲ್ಲ. ಮಳೆನೀರಿನ ಪೈಪಿನ ಬಾಯಿಗೆ ಮೊದಲೇ ಜಾಲರಿ ಹಾಕಿ, ಮರಿ ಅದರೊಳಗೆ ಜಾರುತ್ತದೆ. ಪುಕ್ಕ ಒಣಗಿ ಮರಿ ಓಡಾಡಲು ಶುರುಮಾಡಿದ ಮೇಲೆ, ಅರಣ್ಯ ಸಿಬ್ಬಂದಿಯನ್ನು ಕೇಳಿಕೊಂಡು, ನಾಲ್ಕನ್ನೂ ಒಟ್ಟಿಗೆ ತೆರೆದ ರಟ್ಟಿನ ಪೆಟ್ಟಿಗೆಯಲ್ಲಿಟ್ಟು ತಾಯಿ ನೋಡುತ್ತಿರುವಾಗಲೇ ಕೆಳಗಿನ ಹುಲ್ಲುಗಾವಲಿಗೆ ಒಯ್ದು ಬಿಡಿ. ದೂರದ ಕೆರೆಗೆ ಬಿಟ್ಟು ಬರುವುದು ಉಪಕಾರವಲ್ಲ, ತಾಯಿಗೆ ಅವು ಸಿಗುವುದೇ ಇಲ್ಲ.

ಗೂಬೆಯ ಬಗ್ಗೆ ಇರುವ ಭಯದಿಂದ ಪ್ರತಿ ವರ್ಷ ಗೂಡುಗಳು ನಾಶವಾಗುತ್ತಿವೆ. ಅಟ್ಟದಲ್ಲಿ, ಶಾಲೆಯ ಹಳೆಯ ಕೊಠಡಿಯಲ್ಲಿ, ಅಪಾರ್ಟ್‌ಮೆಂಟಿನ ಡಕ್ಟಿನಲ್ಲಿ ರಾತ್ರಿ ಬುಸುಗುಟ್ಟುವ ಸದ್ದು ಬಂದರೆ ಅದು ಹಾವಲ್ಲ, ಹಸಿದ ಕಣಜ ಗೂಬೆ ಮರಿ. ಅಪಶಕುನ ಎಂದು ಓಡಿಸುವವರು ನಾಲೆ ಬಯಲಿನ ಭತ್ತ, ಕಬ್ಬಿನ ಗದ್ದೆಗೆ ಇಲಿ ಮಾಡುವ ನಷ್ಟವನ್ನು ನೆನೆಯಲಿ. ಈ ಹಕ್ಕಿ ತಾನೂ ಇಲಿ ತಿಂದು, ಮರಿಗಳಿಗೂ ರಾತ್ರಿಯಿಡೀ ಇಲಿಯನ್ನೇ ತಂದುಕೊಡುತ್ತದೆ. ವಿಷವಿಟ್ಟ ಇಲಿಯನ್ನು ತಿಂದರೆ ಗೂಬೆಯೂ ಸಾಯುತ್ತದೆ, ಹಾಗಾಗಿ ಗೂಡಿನ ಆಸುಪಾಸು ಇಲಿ ಪಾಷಾಣ ಬೇಡ. ಅಟ್ಟ ಬೇಕೇ ಬೇಕೆನ್ನುವವರು ಮರಿ ಹಾರಿದ ಮೇಲೆ ಕಿಂಡಿ ಮುಚ್ಚಿ, ಅಲ್ಲೇ ಹೊರಗೋಡೆಗೆ ಮರದ ಪೆಟ್ಟಿಗೆ ಕಟ್ಟಬಹುದು. ನೆಲದಳತೆ ಎರಡಡಿಗೆ ಒಂದೂವರೆ ಅಡಿ, ಆರಿಂಚಿನ ಕಂಡಿ. ಕಂಡಿ ಪೆಟ್ಟಿಗೆಯ ತಳದಿಂದ ಒಂದೂವರೆ ಅಡಿ ಮೇಲಿರಬೇಕು. ಕೆಳಗಿದ್ದರೆ ಪುಟ್ಟ ಮರಿ ತೆವಳಿ ಬಂದು ಬೀಳುತ್ತದೆ.

ಬಿದ್ದ ಮರಿ ಸಿಕ್ಕಾಗ ಒಳ್ಳೆಯ ಮನಸ್ಸಿನವರೇ ಹೆಚ್ಚು ಹಾನಿ ಮಾಡುತ್ತಾರೆ. ಮೈತುಂಬ ಪುಕ್ಕ ಬಂದು ಕುಪ್ಪಳಿಸುವ ಮರಿಯನ್ನು ಎತ್ತಿಕೊಂಡು ಮನೆಗೆ ತರಬೇಡಿ, ಹತ್ತಿರದ ಪೊದೆಯ ಮೇಲಿಟ್ಟು ಬೆಕ್ಕು, ನಾಯಿ ಬಾರದಂತೆ ನೋಡಿಕೊಳ್ಳಿ, ತಾಯಿ ಅಲ್ಲೇ ಇರುತ್ತದೆ. ಪುಕ್ಕವಿಲ್ಲದ ಮರಿಯನ್ನು ಗೂಡಿಗೇ ಹಿಂತಿರುಗಿಸಿ. ಮನುಷ್ಯರು ಮುಟ್ಟಿದರೆ ತಾಯಿ ಸೇರಿಸುವುದಿಲ್ಲ ಅನ್ನುವುದು ಸುಳ್ಳು. ಹಾಲು, ಅನ್ನ ಬೇಡ. ಕೊಕ್ಕು ಬಿಡಿಸಿ ನೀರು ಹನಿಸಲೇಬೇಡಿ. ಶ್ವಾಸನಾಳದ ಬಾಯಿ ನಾಲಗೆಯ ಬುಡದಲ್ಲೇ ಇರುವುದರಿಂದ ನೀರು ನೇರ ಶ್ವಾಸಕೋಶಕ್ಕೆ ಇಳಿಯುತ್ತದೆ. ಗಾಯವಾಗಿದ್ದರೆ ಗಾಳಿಯಾಡುವ ರಟ್ಟಿನ ಪೆಟ್ಟಿಗೆ, ಒಳಗೆ ಹತ್ತಿಬಟ್ಟೆ, ಮೇಲೆ ಮುಚ್ಚಳ, ಸದ್ದಿಲ್ಲದ ಮೂಲೆ, ಆಮೇಲೆ ಅರಣ್ಯ ಇಲಾಖೆಗೆ ಫೋನು. ಅಷ್ಟೇ.

ಕೊನೆಯದಾಗಿ ಬೆಳ್ಳಕ್ಕಿ, ಕೊಳಬಕಗಳ ಗುಂಪುಗೂಡು. ಮಳೆಗಾಲದಲ್ಲಿ ರಸ್ತೆಬದಿಯ ಒಂದೇ ದೊಡ್ಡ ಮರದಲ್ಲಿ ಹತ್ತಾರು ಗೂಡು ಕಟ್ಟಿದಾಗ ಕೆಳಗಿನ ಅಂಗಡಿಯವರಿಗೆ, ಗಾಡಿ ನಿಲ್ಲಿಸುವವರಿಗೆ ನಿಜಕ್ಕೂ ಕಷ್ಟ. ಮೀನು ವಾಸನೆ, ಹಿಕ್ಕೆಯ ಮಳೆ. ಅದನ್ನು ಸಹಿಸಿಕೊಳ್ಳಿ ಎಂದು ಬರೀ ಬಾಯಲ್ಲಿ ಹೇಳುವ ಹಕ್ಕು ಯಾರಿಗೂ ಇಲ್ಲ. ಮರಿಗಳು ದೊಡ್ಡವಾಗುವ ಕೊನೆಯ ಮೂರು ನಾಲ್ಕು ವಾರ ಹಿಕ್ಕೆ ಅತಿ ಹೆಚ್ಚು. ಆ ಹೊತ್ತಿಗೆ ಪಾಲಿಕೆ ಅಲ್ಲಿನ ಪಾರ್ಕಿಂಗನ್ನು ಬೇರೆಡೆಗೆ ಬದಲಾಯಿಸಿ, ತಳ್ಳುಗಾಡಿಗಳಿಗೆ ಟಾರ್ಪಾಲು ಕೊಟ್ಟು, ದಿನಾ ಸಂಜೆ ಟ್ಯಾಂಕರಿನಲ್ಲಿ ನೆಲ ತೊಳೆಸಿದರೆ ಯಾರೂ ಮರ ಕಡಿಯಿರಿ ಎಂದು ಅರ್ಜಿ ಹಿಡಿದು ಬರುವುದಿಲ್ಲ. ಇಂಥ ಮರದಲ್ಲಿ ಅಕ್ಟೋಬರ್‌ನಲ್ಲೂ ತಡವಾದ ಮರಿಗಳಿರಬಹುದು, ನೋಡಿಯೇ ಕತ್ತರಿಸಬೇಕು. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆ (ಪೆಲಿಕನ್), ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆ, ಅರಳಿ ಮರಗಳಲ್ಲೇ ಗೂಡು ಕಟ್ಟುತ್ತವೆ. ಅಲ್ಲಿ ಹುಣಸೆ ಫಸಲು ಬಿಟ್ಟುಕೊಡುವ ಮರದ ಮಾಲೀಕರಿಗೆ ಅರಣ್ಯ ಇಲಾಖೆ ಪರಿಹಾರ ಕೊಡುತ್ತದೆ, ಹಿಕ್ಕೆ ಹೊಲಕ್ಕೆ ಗೊಬ್ಬರವಾಗುತ್ತದೆ, ಬಿದ್ದ ಮರಿಗಳನ್ನು ಆವರಣದಲ್ಲಿಟ್ಟು ಸಾಕಿ ಬಿಡುತ್ತಾರೆ. 2007ರಲ್ಲಿ ಅದು ಸಮುದಾಯ ಮೀಸಲು ಪ್ರದೇಶವೂ ಆಯಿತು. ನಷ್ಟ ಯಾರಿಗೆ ಆಗುತ್ತದೋ ಅವರ ಕೈಗೆ ಏನಾದರೂ ತಲುಪಿಸಿದ್ದರಿಂದ ಅಲ್ಲಿ ಮರ ಉಳಿದಿವೆ, ನಗರದ ಬೀದಿಗೂ ಇದೇ ದಾರಿ. ಆ ಹಕ್ಕಿಗಳ ಕಾಲ ಮಾತ್ರ ಬೇರೆ, ಚಳಿಗಾಲದಲ್ಲಿ ಶುರುವಾಗಿ ಬೇಸಿಗೆಯವರೆಗೆ. ಹಾಗಾಗಿ ಕೊಕ್ಕರೆ ಬೆಳ್ಳೂರಿಗೂ, ಕೊಕ್ಕರೆ, ಹೆಜ್ಜಾರ್ಲೆಗಳು ಗೂಡುಕಟ್ಟುವ ಕೆರೆ ದಂಡೆಗಳಿಗೂ ನಾವು ಹೇಳಿದ ಅಕ್ಟೋಬರ್-ಡಿಸೆಂಬರ್ ವೇಳಾಪಟ್ಟಿಯನ್ನು ಅನ್ವಯಿಸಬೇಡಿ. ಅಲ್ಲಿ ಸವರುವ ಕೆಲಸ ಮರಿ ಹಾರಿದ ಮೇಲೆ, ಅರಣ್ಯ ಇಲಾಖೆಯ ಒಪ್ಪಿಗೆ ಪಡೆದೇ ಆಗಬೇಕು.

ಈ ಬದಲಾವಣೆ ಈ ವರ್ಷವೇ ಆಗಬೇಕಾದರೆ ಟೆಂಡರ್ ಮತ್ತು ಕೆಲಸದ ಆದೇಶ ಸೆಪ್ಟೆಂಬರ್ ಒಳಗೆ ಹೊರಡಬೇಕು. ವಾರ್ಡಿಗೊಬ್ಬರಂತೆ ಮೇಲ್ವಿಚಾರಕರನ್ನೂ ಲೈನ್ ಸಿಬ್ಬಂದಿಯನ್ನೂ ಅರ್ಧ ದಿನ ಕಳುಹಿಸಿಕೊಟ್ಟರೆ ಮರದ ಕೆಳಗೇ ನಿಂತು ಗೂಡು ಗುರುತಿಸುವುದನ್ನು ಹೇಳಿಕೊಡಲು ನಾವು ಸಿದ್ಧರಿದ್ದೇವೆ. ಸಂಭಾವನೆ ಬೇಡ. ಮೂರೂ ಇಲಾಖೆ ಸೇರಿ ಒಂದೇ ಫೋನ್ ನಂಬರ್ ಗೊತ್ತುಮಾಡಿ ಅದನ್ನು ವಿದ್ಯುತ್ ಬಿಲ್ಲಿನ ಹಿಂಬದಿಯಲ್ಲಿ ಅಚ್ಚು ಹಾಕಿಸಿ ಎಂದೂ ಕೇಳಿಕೊಳ್ಳುತ್ತೇವೆ.

ಇಂತಿ,
ಮೈಸೂರು ಮತ್ತು ಮಂಡ್ಯದ ಹಕ್ಕಿ ವೀಕ್ಷಕರು